ಅರವತ್ತನೆಯ ಚೌಕ

ಮನುಷ್ಯರು ತಾವು ಸುಟ್ಟದ್ದನ್ನು ಮರಳಿ ಭೂಮಿಗೇ ಒಪ್ಪಿಸಬಹುದೆಂದು ಕಂಡುಕೊಂಡ ಮೇಲೆ ಪಡುವಣ ಕಡಲಿನ ತಳವು ಒಂದು ಉಗ್ರಾಣವಾಯಿತು. ಮೂರು ರಾಜ್ಯಗಳ ವಿದ್ಯುದಾಗಾರಗಳ, ಸಿಮೆಂಟು ಕಾರ್ಖಾನೆಗಳ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ, ಹಿಂಡಿ, ದ್ರವದಷ್ಟು ಸಾಂದ್ರಗೊಳಿಸಿ, ಕೊಳವೆಗಳ ಮೂಲಕ ಕಿರುಬೇಲೆಯ ಗುಡ್ಡದ ನೆತ್ತಿಗೆ ತರುತ್ತಿದ್ದರು. ಅಲ್ಲಿಂದ ಅದು ಸಮುದ್ರದಡಿಯಲ್ಲಿ ಸಾವಿರದ ಐನೂರು ಮೀಟರ್ ಆಳದ ಸುಣ್ಣಕಲ್ಲಿನ ರಂಧ್ರಗಳೊಳಗೆ ಇಳಿಯುತ್ತಿತ್ತು. ಕಾಗದಪತ್ರಗಳಲ್ಲಿ ಅದರ ಹೆಸರು ಪಶ್ಚಿಮ ಸಾಗರ ಇಂಗಾಲ ಭಂಡಾರ. ಗುಡ್ಡದ ಕೆಳಗಿನ ಬೇಲೆಯ, ಎಂದರೆ ಕಡಲದಂಡೆಯ ಕೇರಿಯ, ಮೀನುಗಾರರು ಅದನ್ನು ಹೊಗೆಗೋರಿ ಎಂದು ಕರೆದರು. ಆ ಹೆಸರೇ ಉಳಿಯಿತು.

ಗೋರಿಗೆ ಮುಚ್ಚಳ ಬೇಕು. ಸುಣ್ಣಕಲ್ಲಿನ ಮೇಲೆ ನೂರಿಪ್ಪತ್ತು ಮೀಟರ್ ದಪ್ಪದ ಜೇಡಿಕಲ್ಲಿನ ಪದರವೊಂದು ಹಾಸಿಕೊಂಡಿತ್ತು. ಗಾಳಿಯೂ ನುಸುಳದ ಕಲ್ಲು. ಆದರೆ ಕೊರೆಯುವ ಮೊನೆ ಯಾವ ಪದರದಲ್ಲಿದೆ ಎಂದು ಹೇಳುವವರು ಯಾರು? ಆ ಕಡಲಿನ ಜೇಡಿಕಲ್ಲುಗಳೆಲ್ಲವೂ ಒಂದೇ ಬೂದು ಬಣ್ಣದವು. ಹೇಳುತ್ತಿದ್ದವು ಚಿಪ್ಪುಗಳು. ನೀರಿನಲ್ಲಿ ತೇಲುತ್ತ ಬದುಕುವ ಸೂಕ್ಷ್ಮಜೀವಿಗಳಾದ ಪ್ಲವಕಗಳು ಸತ್ತಾಗ ಅವುಗಳ ಸುಣ್ಣದ ಚಿಪ್ಪುಗಳು ತಳಕ್ಕೆ ಇಳಿದು ಕೆಸರಿನೊಂದಿಗೆ ಕಲ್ಲಾಗುತ್ತವೆ. ಒಂದೊಂದು ಜಾತಿಯೂ ಒಂದು ಕಾಲದಲ್ಲಿ ಹುಟ್ಟಿ ಮತ್ತೊಂದು ಕಾಲದಲ್ಲಿ ಅಳಿಯುತ್ತದೆ. ಆದ್ದರಿಂದ ಚಿಟಿಕೆಯಷ್ಟು ಕಲ್ಲನ್ನು ತೊಳೆದು ಅದರೊಳಗಿನ ಚಿಪ್ಪುಗಳ ಗುರುತು ಹಿಡಿದರೆ ಕಲ್ಲಿನ ವಯಸ್ಸು ತಿಳಿಯುತ್ತದೆ.

ಹಾಗೆ ಗುರುತು ಹಿಡಿಯುವುದು ಸುಗಂಧಾ ಹರಿಕಂತ್ರಳ ಉದ್ಯೋಗ. ಹನ್ನೊಂದು ವರ್ಷಗಳ ಹಿಂದೆ ಭಂಡಾರದ ಮೊದಲ ಬಾವಿಯನ್ನು ಕೊರೆದಾಗ, ಮೂರು ಮೀಟರಿಗೊಮ್ಮೆ ಮೇಲೆ ಬರುತ್ತಿದ್ದ ಕಲ್ಲಿನ ಪುಡಿಯನ್ನು ಜರಡಿಯಲ್ಲಿ ತೊಳೆದು, ಎಳೆಗೂದಲಿನ ಕುಂಚವನ್ನು ನಾಲಿಗೆಗೆ ತಾಗಿಸಿ ಒದ್ದೆಮಾಡಿ, ಸೂಕ್ಷ್ಮದರ್ಶಕದಡಿಯಲ್ಲಿ ಒಂದೊಂದೇ ಚಿಪ್ಪನ್ನೆತ್ತಿ ಕಪ್ಪು ರಟ್ಟಿನ ಪಟ್ಟಿಗಳ ಮೇಲೆ ಅಂಟಿಸಿದವಳು ಅವಳೇ. ಪ್ರತಿ ಪಟ್ಟಿಯಲ್ಲಿ ಅರವತ್ತು ಚೌಕಗಳು. ಐವತ್ತೊಂಬತ್ತರಲ್ಲಿ ಆ ಆಳಕ್ಕೆ ಸಲ್ಲುವ ಚಿಪ್ಪುಗಳು. ಅರವತ್ತನೆಯದು ಉದುರುಗಳಿಗೆ ಮೀಸಲು.

ಬಾವಿಯ ಮೇಲ್ಭಾಗದ ಗೋಡೆಯಿಂದ ಕಳಚಿ, ಕೆಳಗಿನ ಪುಡಿಯೊಂದಿಗೆ ಬೆರೆತು ಬರುವ, ವಯಸ್ಸಿನಲ್ಲಿ ಎಳೆಯದಾದ ಕಲ್ಲಿಗೆ ಉದುರು ಎನ್ನುತ್ತಾರೆ. ಯಾವ ಬಾವಿಯೂ ಅದರಿಂದ ಹೊರತಲ್ಲ. ಆದ್ದರಿಂದ ಈ ಕಸುಬಿನಲ್ಲಿ ಕಲಿಸುವ ಮೊದಲ ಪಾಠವೇ, ಆಳದಲ್ಲಿ ಎಳೆಯ ಚಿಪ್ಪು ಕಂಡರೆ ನಂಬಬಾರದು ಎಂಬುದು. ಮುಚ್ಚಳದ ಪದರದ ವಯಸ್ಸು ಎರಡು ಕೋಟಿ ವರ್ಷ. ಅಲ್ಲಿಂದ ಬಂದ ಪುಡಿಯಲ್ಲಿ ಸುಗಂಧಾ ಹದಿನೇಳು ಬೆರಳುಚಿಪ್ಪುಗಳನ್ನು ಕಂಡಳು. ಚಿಪ್ಪಿನ ಕೊನೆಯ ಕೋಣೆಯ ಅಂಚಿನಿಂದ ಕೈಬೆರಳುಗಳಂತೆ ಮೊನೆಗಳು ಚಾಚಿಕೊಂಡಿರುವ ಆ ಜಾತಿಗೆ ಅವಳೇ ಇಟ್ಟುಕೊಂಡ ಹೆಸರು ಅದು. ಆ ಜಾತಿ ಕಡಲಿನಲ್ಲಿ ಮೊದಲು ಕಾಣಿಸಿಕೊಂಡದ್ದೇ ಮೂವತ್ತು ಲಕ್ಷ ವರ್ಷಗಳ ಈಚೆಗೆ. ಸಹಜವಾಗಿಯೇ ಉದುರು. ಆದರೆ ಅಷ್ಟರಲ್ಲಿ ಬಾವಿಯ ಮೇಲ್ಭಾಗಕ್ಕೆ ಉಕ್ಕಿನ ಕೊಳವೆಯನ್ನಿಳಿಸಿ ಗೋಡೆಯನ್ನು ಮುಚ್ಚಿಯಾಗಿತ್ತು. ಮೇಲಿನಿಂದ ಏನೂ ಬೀಳುವಂತಿರಲಿಲ್ಲ. ಅವಳು ಕುಂಚವನ್ನು ಹಿಡಿದು ಒಂದು ಗಳಿಗೆ ತಡೆದಳು. ಕೊರೆಯಲು ಬಳಸುವ ಕೆಸರುನೀರಿನ ತೊಟ್ಟಿಗಳಲ್ಲಿ ಹಳೆಯ ಚಿಪ್ಪುಗಳು ಇನ್ನೂ ಸುತ್ತುತ್ತಿರಬಹುದು ಎಂದುಕೊಂಡಳು. ಅದು ಸಾಧ್ಯವಿತ್ತು, ಬೇರೆ ಬಾವಿಗಳಲ್ಲಿ ಹಾಗಾದದ್ದನ್ನು ಅವಳು ನೋಡಿದ್ದಳು. ಹದಿನೇಳನ್ನೂ ಅರವತ್ತನೆಯ ಚೌಕಕ್ಕೆ ಸೇರಿಸಿ ವರದಿಯಲ್ಲಿ ಬರೆದಳು: ಉದುರು, ಗಣನೆಗಿಲ್ಲ. ಮುಚ್ಚಳ ಅಖಂಡ.

ಹನ್ನೊಂದು ವರ್ಷ ಅನಿಲ ಆ ಮುಚ್ಚಳದ ಕೆಳಗೆ ಇಳಿಯಿತು.

ಈ ವರ್ಷ, ಮಳೆಗಾಲ ಕಳೆದ ಕೂಡಲೇ, ಎರಡನೆಯ ಬಾವಿಯಿಂದ ಪುಡಿಯ ಬದಲು ಗಟ್ಟಿ ಕಲ್ಲಿನ ಕಂಬಗಳನ್ನೇ ಕತ್ತರಿಸಿ ತೆಗೆದರು. ತೋಳಿನ ದಪ್ಪದ, ಮೀಟರ್ ಉದ್ದದ ಆ ಬೂದು ಕಂಬಗಳಲ್ಲಿ ಒಂದರ ನಡುವೆ ಬೆರಳಗಲದ ಬಿಳಿಯ ಗೆರೆಯೊಂದು ಮೇಲಿನಿಂದ ಕೆಳಗಿನವರೆಗೆ ಹಾಯ್ದಿತ್ತು. ಸುಗಂಧಾ ಸೂಜಿಯಿಂದ ಆ ಗೆರೆಯನ್ನು ಕೆರೆದು ಗಾಜಿನ ಮೇಲೆ ಹರಡಿ ಕಣ್ಣಿಟ್ಟಳು. ಬೆರಳುಚಿಪ್ಪುಗಳು ಒತ್ತೊತ್ತಾಗಿ ತುಂಬಿದ್ದವು. ಮುರಿದವು, ಇಡಿಯಾದವು, ಮೊನೆ ಸವೆದವು.

ಗಟ್ಟಿ ಕಲ್ಲಿನೊಳಕ್ಕೆ ಏನೂ ಉದುರುವುದಿಲ್ಲ. ಎಂದೋ ಒಂದು ಭೂಕಂಪದಲ್ಲಿ ಮುಚ್ಚಳ ಸೀಳಿತ್ತು; ಮೇಲಿನ ಕಡಲಿನ ಎಳೆಯ ಚಿಪ್ಪುಗಳು ಆ ಸೀಳಿನೊಳಗೆ ಸುರಿದು ತುಂಬಿದ್ದವು. ಪ್ರತಿ ಚಿಪ್ಪೂ ಟೊಳ್ಳು. ಟೊಳ್ಳುಗಳನ್ನು ಒಂದರ ಮೇಲೊಂದು ಪೇರಿಸಿದರೆ ಅದು ಗೋಡೆಯಾಗುವುದಿಲ್ಲ, ದಾರಿಯಾಗುತ್ತದೆ.

ಅವಳು ಕಪಾಟಿನಿಂದ ಹಳೆಯ ಪಟ್ಟಿಗಳನ್ನು ತೆಗೆದು ಮತ್ತೊಮ್ಮೆ ನೋಡಿದಳು. ಹದಿನೇಳು ಚಿಪ್ಪುಗಳೂ ಇದ್ದವು. ಅಂಟು ಹಳದಿಯಾಗಿತ್ತು, ಅಷ್ಟೆ.

ಭಾನುವಾರಗಳಂದು ಸುಗಂಧಾ ಗುಡ್ಡವಿಳಿದು ತಮ್ಮನ ಮನೆಯಲ್ಲಿ ಉಣ್ಣುವುದು ರೂಢಿ. ಆ ಭಾನುವಾರ ಅವಳು ಬರುವಷ್ಟರಲ್ಲಿ ತಮ್ಮ ಜಟ್ಟು ಅಂಗಳದಲ್ಲಿ ಕುಳಿತು ಬಿದಿರಿನ ಉದ್ದ ಹಿಡಿಕೆಗೆ ಬುಟ್ಟಿಯೊಂದನ್ನು ಬಿಗಿಯುತ್ತಿದ್ದ.

“ರವೆ ಆರಿಸಿ ಮುಗೀತಾ ಅಕ್ಕ?” ಎಂದ. ಅವಳ ಚಿಪ್ಪುಗಳಿಗೆ ಅವನು ಇಟ್ಟ ಹೆಸರು ರವೆ.

“ಇಷ್ಟು ವರ್ಷ ರವೆ ಆರಿಸಿದಾಳೆ, ಒಂದ್ ದಿನ ನಮಗೆ ಉಪ್ಪಿಟ್ಟು ಹಾಕಿದ್ದಿಲ್ಲ,” ಎಂದಳು ಒಳಗಿನಿಂದ ಅವನ ಹೆಂಡತಿ ಮಾದೇವಿ.

“ಈ ಬುಟ್ಟಿ ಎಂತಕ್ಕೆ?” ಎಂದು ಸುಗಂಧಾ ಕೇಳಿದಳು.

“ಮೀನಿಗೆ. ಈಗ ಬಲೆ ಬ್ಯಾಡ ಮಾರಾಯ್ತಿ, ಬುಟ್ಟಿ ಸಾಕು. ಬಂಡೆಸಾಲಿನ ಹತ್ರ ನೀರು ಗುಳುಗುಳು ಅಂತದೆ. ಕೈ ಅದ್ದಿದ್ರೆ ಚುರುಚುರು. ನಾವು ಅದಕ್ಕೆ ಸೋಡಾಸಾಲು ಅಂತ ಹೆಸರಿಟ್ಟೇವೆ. ಗಾಳಿ ಇಲ್ಲದ ಬೆಳಿಗ್ಗೆ ಹೋದ್ರೆ ಗೋಬ್ರ, ನೊಗ್ಲಿ ಮೀನೆಲ್ಲಾ ನಿದ್ದೆ ಹೊಡೆದ ಹಾಗೆ ಮಗುಚಿಕೊಂಡು ಮೇಲೆ ಬರ್ತವೆ. ಬಾಚಿ ತುಂಬೂದು, ಬರೂದು.”

ಸುಗಂಧಾ ಜಗಲಿಯ ಮೇಲೆ ಕುಳಿತಳು. “ಯಾವಾಗಿಂದ?”

“ಮಳೆಗಾಲಕ್ಕೆ ಮೊದ್ಲು ಸ್ವಲ್ಪ ಇತ್ತು. ಈಗ ಜೋರು. ಬೇಲೆಯವರೆಲ್ಲ ಬುಟ್ಟಿ ಮಾಡಿಕೊಂಡಿದಾರೆ. ದುಡುಕಿ ಬಗ್ಗಿದ್ರೆ ಒಂದು ನಮೂನೆ ತಲೆ ಭಾರ ಆಗ್ತದೆ, ಅದಕ್ಕೆ ಲಿಂಬೆಹಣ್ಣು ಇಟ್ಟುಕೊಳ್ಳೂದು. ಇಂಜಿನ್ ಒಂದೆರಡು ಸಲ ಕೆಮ್ಮಿ ಬಂದ್ ಆಯ್ತು. ಪೆಟ್ರೋಲಿಗೆ ನೀರು ಸೇರಿದ್ದಿರಬೇಕು.”

ಪೆಟ್ರೋಲಿಗೆ ನೀರು ಸೇರಿರಲಿಲ್ಲ. ಇಂಜಿನಿಗೆ ಉಸಿರು ಸಿಕ್ಕಿರಲಿಲ್ಲ. ಸುಗಂಧಾ ಬಿಳಿಯ ಗೆರೆಯ ಸಂಗತಿಯನ್ನು ಆದಷ್ಟು ಸರಳವಾಗಿ ವಿವರಿಸಿದಳು: ಗೋರಿಯ ಮುಚ್ಚಳ ಸೀಳಿದೆ, ಸೀಳಿನ ಬಾಯಿ ಬಂಡೆಸಾಲಿನ ಸುತ್ತ ಎಲ್ಲೋ ಇದೆ, ಈ ಅನಿಲ ಗಾಳಿಗಿಂತ ಭಾರವಾದದ್ದರಿಂದ ಗಾಳಿ ಬೀಸದ ದಿನ ನೀರಿನ ಮೇಲೆ ಚಾಪೆಯಂತೆ ಹಾಸಿಕೊಳ್ಳುತ್ತದೆ, ಸಣ್ಣ ದೋಣಿಯಲ್ಲಿ ಕುಳಿತವನ ಮೂಗು ಆ ಚಾಪೆಯ ಒಳಗಿರುತ್ತದೆ. ಮೀನು ಮಲಗಿದಂತೆಯೇ ಮನುಷ್ಯರೂ ಮಲಗುತ್ತಾರೆ.

ಜಟ್ಟು ಹುರಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದ. “ಎಷ್ಟು ದಿನ ಹೋಗೂದು ಬ್ಯಾಡ?”

“ಗೊತ್ತಿಲ್ಲ.”

“ಎಲ್ಲಿಂದ ಎಲ್ಲೀವರೆಗೆ?”

“ಅದೂ ಗೊತ್ತಿಲ್ಲ.”

“ಮತ್ತೆ ನಿಂಗೆ ಗೊತ್ತಿರೂದು ಎಂತ?” ಅವನು ನಕ್ಕ. “ನೋಡು ಅಕ್ಕ, ಬೇರೆ ಕಡೆ ಎಲ್ಲಾ ದೊಡ್ಡ ಟ್ರಾಲರಿನವರು ಗುಡಿಸಿ ಹಾಕಿದಾರೆ. ಬಂಡೆ ಇದ್ದಲ್ಲಿ ಅವರ ಬಲೆ ಬರೂದಿಲ್ಲ, ಅದಕ್ಕೇ ನಾವು ಬದುಕಿದ್ದು. ಅದನ್ನೂ ಬಿಟ್ಟು ಎಲ್ಲಿಗೆ ಹೋಗ್ಲಿ? ನಿನ್ನ ಜೊತೆ ರವೆ ಆರಿಸ್ಲಾ?”

ಮಾದೇವಿ ಬಾಗಿಲಲ್ಲಿ ಬಂದು ನಿಂತಿದ್ದಳು. ಅವಳು ನಗಲಿಲ್ಲ. ಅದನ್ನು ಕಂಡು ಜಟ್ಟು ದನಿ ತಗ್ಗಿಸಿದ. “ಆಯ್ತು. ಏನಾದ್ರೂ ಕಂಡ್ರೆ ನಿಂಗೇ ಫೋನ್ ಮಾಡ್ತೆ. ನೀ ಹೇಳಿದ ಹಾಗೆ ಕೇಳ್ತೆ. ಆಯ್ತಲ್ಲ?”

ಮರುದಿನ ಸುಗಂಧಾ ಒತ್ತಡನಿಯಂತ್ರಣದ ಕೋಣೆಗೆ ಹೋದಳು. ಅಲ್ಲಿನ ಮುಖ್ಯಸ್ಥ ಇರ್ಷಾದ್ ಕೋಲಾ ಭಟ್ಕಳದವನು. ಸಾವಧಾನದ ಮನುಷ್ಯ, ಅವನ ಮೇಜಿನ ಮೇಲೆ ಸದಾ ಅರ್ಧ ಕುಡಿದ ಚಹಾ ಇರುತ್ತಿತ್ತು. ಕಂಬದ ಚಿತ್ರಗಳನ್ನೂ ಹಳೆಯ ಪಟ್ಟಿಗಳನ್ನೂ ಅವನು ಬಹಳ ಹೊತ್ತು ನೋಡಿದ.

“ಪಂಪು ನಿಲ್ಲಿಸಿ,” ಎಂದಳು ಅವಳು.

“ನಿಲ್ಲಿಸುತ್ತೇನೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ.” ಅವಳ ಎದುರಿನಲ್ಲೇ ನಿಲ್ಲಿಸಿದ. ಗುಡ್ಡದ ಒಡಲಿನಲ್ಲಿ ಹನ್ನೊಂದು ವರ್ಷ ಕೇಳಿಸುತ್ತಿದ್ದ ಗುಂಯ್‌ಗುಡುವಿಕೆ ನಿಂತಾಗ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. “ಆದರೆ ಮುಳ್ಳು ನೋಡಿ ಮೇಡಂ. ಕೆಳಗಿನ ಒತ್ತಡ ಎಲ್ಲಿತ್ತೋ ಅಲ್ಲೇ ಇದೆ. ಒಳಗೆ ಹೋದದ್ದು ಒಳಗೇ ಇದೆಯಲ್ಲ. ಊದುವುದನ್ನು ಬಿಟ್ಟ ಮಾತ್ರಕ್ಕೆ ಬಲೂನಿನ ತೂತು ಮುಚ್ಚುವುದಿಲ್ಲ.”

“ಬೇರೆ ಬಾವಿ ಕೊರೆದು ಒತ್ತಡ ಇಳಿಸಬಹುದಲ್ಲ?”

“ಇಳಿಸಬಹುದು. ಕೊರೆಯುವ ಹಡಗು ಸಿಕ್ಕರೆ ಹದಿನಾಲ್ಕು ತಿಂಗಳು.” ಅವನು ಚಹಾದ ಲೋಟವನ್ನು ಸರಿಸಿದ. “ಸೀಳು ಯಾವ ದಿಕ್ಕಿಗೆ ಹಾಯ್ದಿದೆ ಹೇಳಿ. ಆ ಸಾಲಿನ ಉದ್ದಕ್ಕೂ ತೇಲುಗುಂಡುಗಳನ್ನು ಬಿಟ್ಟು ದೋಣಿ ಹೋಗದ ಹಾಗೆ ಮಾಡೋಣ.”

ಸುಗಂಧಾ ಕಂಬದ ಚಿತ್ರಗಳನ್ನು ತನ್ನತ್ತ ಎಳೆದುಕೊಂಡಳು. ಸಾವಿರದೈನೂರು ಮೀಟರ್ ಮೇಲಕ್ಕೆ ಬರುವಾಗ ಕಲ್ಲಿನ ಕಂಬ ಕೊಳವೆಯೊಳಗೆ ಎಷ್ಟು ಸಲ ತಿರುಗಿತೋ ಯಾರೂ ಬಲ್ಲವರಿಲ್ಲ. ಗೆರೆಯ ವಯಸ್ಸು ಹೇಳಬಹುದು, ಅಗಲ ಹೇಳಬಹುದು. ಅದು ಉತ್ತರಕ್ಕೆ ಹೋಗುತ್ತದೋ ಮೂಡಕ್ಕೆ ಹೋಗುತ್ತದೋ ಕಂಬ ಹೇಳುವುದಿಲ್ಲ.

“ಹೇಳಲಾಗುವುದಿಲ್ಲ,” ಎಂದಳು.

ಅವರಿಬ್ಬರೂ ಸೇರಿ ಮುಖ್ಯ ಕಚೇರಿಗೆ ಬರೆದರು. ಎರಡು ದಿನಕ್ಕೆ ಉತ್ತರ ಬಂತು. ಮೂರು ರಾಜ್ಯಗಳ ಕೊಳವೆಗಳಲ್ಲಿ ಅನಿಲ ತುಂಬಿ ನಿಂತಿರುವುದರಿಂದ ಪಂಪನ್ನು ಕೂಡಲೇ ಮತ್ತೆ ಆರಂಭಿಸತಕ್ಕದ್ದು; ಮುಚ್ಚಳವು ಅಖಂಡವೆಂದು ಮೊದಲ ಬಾವಿಯ ಅಧಿಕೃತ ವರದಿಯಲ್ಲಿ ದಾಖಲಾಗಿರುವುದರಿಂದ ಹೊಸ ಸಂಶಯವನ್ನು ತಜ್ಞರ ಸಮಿತಿಯ ಮುಂದಿಡಲಾಗುವುದು. ವರದಿಯ ಪ್ರತಿಯನ್ನು ಲಗತ್ತಿಸಿದ್ದರು. ಕೆಳಗೆ ಸುಗಂಧಾಳ ಸಹಿ ಇತ್ತು, ಇನ್ನೂ ಎಳೆಯ ಕೈಯ, ದುಂಡಾದ ಸಹಿ.

“ನಾನು ಬರೆದದ್ದು ತಪ್ಪು ಎಂದು ನಾನೇ ಹೇಳುತ್ತಿದ್ದೇನಲ್ಲ,” ಎಂದಳು.

“ಆಗ ತಪ್ಪಿದವರು ಈಗ ತಪ್ಪಲಾರರೆಂದು ಹೇಗೆ ನಂಬುವುದು ಎನ್ನುತ್ತಾರೆ. ಫೋನಿನಲ್ಲಿ ಹಾಗೆಯೇ ಹೇಳಿದರು. ನಾನು ಹೇಳಿದ್ದಲ್ಲ.” ಇರ್ಷಾದ್ ಪಂಪನ್ನು ಮತ್ತೆ ಆರಂಭಿಸಲಿಲ್ಲ. ಮರುದಿನ ಮುಖ್ಯ ಕಚೇರಿ ಕಳುಹಿಸಿದ ಬೇರೊಬ್ಬ ಅದನ್ನು ಆರಂಭಿಸಿದ. ಇರ್ಷಾದ್ ತನ್ನ ಕೈಯಲ್ಲಿದ್ದಷ್ಟನ್ನು ಮಾಡಿದ: ಬಂಡೆಸಾಲಿನ ಬಳಿ ಅನಿಲವನ್ನೂ ಗಾಳಿಯನ್ನೂ ಅಳೆಯುವ ಒಂದು ತೇಲುಗುಂಡನ್ನು ಬಿಡಿಸಿದ, ಮೀನುಗಾರಿಕೆಯ ಕಚೇರಿಯವರನ್ನು ಕಾಡಿ ಒಂದು ವಾರದ ನಿಷೇಧದ ಚೀಟಿಯನ್ನು ಬೇಲೆಯ ಮರಗಳಿಗೆ ಅಂಟಿಸುವಂತೆ ಮಾಡಿದ. ಆ ವಾರ ಪೂರ್ತಿ ಗಾಳಿ ಬೀಸಿತು. ಯಾರಿಗೂ ಏನೂ ಆಗಲಿಲ್ಲ. ಎಂಟನೆಯ ದಿನ ದೋಣಿಗಳು ಹೊರಟವು. ಹೊರಡುವಾಗ ಬೇಲೆಯವರು ಗುಡ್ಡದ ಕಡೆ ಕೈಬೀಸಿ ತಮಾಷೆ ಮಾಡುತ್ತಿದ್ದರಂತೆ.

ಹನ್ನೆರಡನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಗಾಳಿ ಸೊನ್ನೆಗಿಳಿಯಿತು. ನಿಯಂತ್ರಣ ಕೋಣೆಯ ಕಿಟಕಿಯಿಂದ ಕಡಲು ಎಣ್ಣೆ ಸವರಿದ ಕಲ್ಲಿನಂತೆ ಕಾಣುತ್ತಿತ್ತು. ಅದರ ಮೇಲೆ ಐದು ಚುಕ್ಕೆಗಳಿದ್ದವು. ತೇಲುಗುಂಡಿನ ಅನಿಲದ ಅಂಕಿ ಮೊದಲು ನಿಧಾನವಾಗಿ, ಬಳಿಕ ಕಣ್ಣೆದುರಿನಲ್ಲೇ ಏರತೊಡಗಿತು. ಇರ್ಷಾದ್ ಕರಾವಳಿ ಕಾವಲಿನವರಿಗೆ ಫೋನು ಮಾಡಿ, ಉಸಿರಾಟದ ಸಲಕರಣೆಯಿರುವ ದೋಣಿ ಬೇಕೆಂದು ಮೂರು ಸಲ ಹೇಳಿದ. ಅಂಥ ದೋಣಿ ಬರಲು ಒಂದೂವರೆ ಗಂಟೆ ಬೇಕಾಗಿತ್ತು.

ಸುಗಂಧಾ ತಮ್ಮನ ಸಂಖ್ಯೆಯನ್ನು ಒತ್ತುತ್ತಿರುವಾಗಲೇ ಅವನ ಕರೆ ಬಂತು.

“ಅಕ್ಕ, ಇಂಜಿನ್ ಬಂದ್ ಆಯ್ತು. ಐದೂ ದೋಣಿದು. ನೀರು ಹಾಲು ಉಕ್ಕಿದ ಹಾಗೆ ಉಕ್ತಾ ಅದೆ. ಮೀನು ನೋಡಬೇಕು ನೀನು, ನಡೆದುಕೊಂಡು ಹೋಗಬಹುದು ಅದರ ಮೇಲೆ.” ಅವನ ದನಿಯಲ್ಲಿ ಇನ್ನೂ ಸ್ವಲ್ಪ ನಗೆಯಿತ್ತು, ಆದರೆ ಎರಡು ಮಾತುಗಳ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದ.

“ಮೀನು ಬಿಡು. ಎದ್ದು ನಿಲ್ಲು. ಕೂರಬೇಡ, ಬಗ್ಗಬೇಡ. ನಿಂತೇ ಹುಟ್ಟು ಹಾಕು.”

“ನಿಂತೆ. ಯಾವ ಬದಿಗೆ ಹೋಗ್ಲಿ? ಉಳಿದವರು ಪಡುವಕ್ಕೆ ತಿರುಗಿಸ್ತಾ ಇದಾರೆ. ಗಾಳಿ ಸತ್ತಾಗ ನಾವು ಪಡುವಕ್ಕೇ ಹೋಗೂದು, ಗಾಳಿ ಹುಡುಕಿಕೊಂಡು.”

ಸುಗಂಧಾ ಪರದೆಯನ್ನು ನೋಡಿದಳು. ಒಂದೇ ತೇಲುಗುಂಡು, ಒಂದೇ ಅಂಕಿ. ಆ ಅಂಕಿ ಎಷ್ಟು ಎಂದು ಹೇಳುತ್ತಿತ್ತು, ಎಲ್ಲಿಯವರೆಗೆ ಎಂದು ಹೇಳುತ್ತಿರಲಿಲ್ಲ. ಪಡುವಕ್ಕೆ ಹೋದರೆ ಅವನು ನೆರವಿನಿಂದ ಇನ್ನಷ್ಟು ದೂರವಾಗುತ್ತಾನೆ. ಮೂಡಕ್ಕೆ ನಾಲ್ಕು ಕಿಲೋಮೀಟರಿನಲ್ಲಿ ದಡವಿದೆ, ಜನರಿದ್ದಾರೆ. ಸೀಳು ದಡದ ಕಡೆಗೆ ಹಾಯ್ದಿರಲಾರದು ಎಂದು ಅವಳಿಗೆ ಅನಿಸಿತು. ಹಾಗೆ ಅನಿಸಲು ಆಧಾರವೇನೂ ಇರಲಿಲ್ಲ.

“ಮೂಡಕ್ಕೆ ಬಾ. ದಡದ ಕಡೆಗೆ.”

“ಮೂಡಕ್ಕಾ? ನಿಂಗೆ ಗೊತ್ತದೆಯಲ್ಲ?”

“ಗೊತ್ತು,” ಎಂದಳು.

“ಹಾಗಾದ್ರೆ ಸರಿ.” ಅವನು ಉಳಿದ ದೋಣಿಯವರನ್ನು ಕೂಗಿ ಕರೆದದ್ದು ಕೇಳಿಸಿತು. ದೂರದಿಂದ ಯಾರೋ ಏನೋ ಬೈದರು. “ಅವರು ಕೇಳೂದಿಲ್ಲ. ಹೋಗ್ಲಿ. ಫೋನು ಹಲಗೆ ಮೇಲೆ ಇಡ್ತೆ, ನೀ ಮಾತಾಡ್ತಾ ಇರು. ನಿದ್ದೆ ಬಂದ ಹಾಗೆ ಆಗ್ತದೆ.”

ಅವಳು ಮಾತಾಡಿದಳು. ಅವನ ಮದುವೆಯಲ್ಲಿ ಮಳೆ ಸುರಿದದ್ದನ್ನು ಹೇಳಿದಳು, ಅವನು ಐದನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟು ಓಡಿದ್ದನ್ನು ಹೇಳಿದಳು, ಮಾದೇವಿಯ ಹೆಸರು ಹೇಳಿದಳು. ಹುಟ್ಟು ನೀರಿಗೆ ಬೀಳುವ ಸದ್ದನ್ನು ಎಣಿಸಿದಳು. ನಡುವಿನ ಅಂತರ ಹೆಚ್ಚುತ್ತಾ ಹೋಯಿತು. ಒಮ್ಮೆ ಅವನು “ಕೂತು ಹಾಕ್ತೆ ಅಕ್ಕ, ಕಾಲು ನಿಲ್ಲೂದಿಲ್ಲ” ಎಂದ. “ಕೂರಬೇಡ,” ಎಂದಳು. ಹಲಗೆ ಕಿರುಗುಟ್ಟಿದ ಸದ್ದು ಬಂತು. ಅನಂತರ ಮರದ ಒಡಲಿಗೆ ನೀರು ತಾಗುವ ಸದ್ದು ಮಾತ್ರ. ಇರ್ಷಾದ್ ಅವಳ ಕೈಯಿಂದ ಫೋನನ್ನು ತೆಗೆದುಕೊಳ್ಳಲು ಹೋಗಿ, ತೆಗೆದುಕೊಳ್ಳದೆ ಹಿಂದೆ ಸರಿದ. ಅವಳು ಇನ್ನೂ ಇಪ್ಪತ್ತು ನಿಮಿಷ ಮಾತಾಡುತ್ತಲೇ ಇದ್ದಳು.

ಒಂಬತ್ತಕ್ಕೆ ಗಾಳಿ ಎದ್ದಿತು. ಪಡುವಕ್ಕೆ ಹೋದ ನಾಲ್ಕು ದೋಣಿಗಳು ಅರ್ಧ ಗಂಟೆಯೊಳಗೇ ಒಳ್ಳೆಯ ಗಾಳಿಗೆ ಹೊರಬಂದಿದ್ದವು. ಅವುಗಳಲ್ಲಿದ್ದ ಏಳು ಜನರೂ ವಾಂತಿ, ತಲೆನೋವುಗಳೊಂದಿಗೆ ಬದುಕಿದರು. ಐದನೆಯ ದೋಣಿಯನ್ನು ಕಾವಲಿನವರು ಬಂಡೆಸಾಲಿನ ಮೂಡಕ್ಕೆ ಒಂದು ಕಿಲೋಮೀಟರಿನಲ್ಲಿ ಕಂಡರು. ಅಲ್ಲಿಯವರೆಗೂ, ಅಲ್ಲಿಂದ ಮುಂದೆಯೂ, ನೀರಿನಲ್ಲಿ ಗುಳ್ಳೆಗಳ ನೇರವಾದ ಸಾಲೊಂದು ದಡದತ್ತ ಏಳುತ್ತಿತ್ತು. ಸೀಳಿನ ದಿಕ್ಕು ಆಗ ಎಲ್ಲರಿಗೂ ಕಾಣಿಸಿತು.

ಮೂರು ದಿನಗಳ ಬಳಿಕ ಸುಗಂಧಾ ಗುಡ್ಡವಿಳಿದಳು. ಬೇಲೆಯಲ್ಲಿ ಅರ್ಧದಷ್ಟು ಮನೆಗಳಿಗೆ ಬೀಗ ಬಿದ್ದಿತ್ತು. ತಜ್ಞರ ಸಮಿತಿ ಬಂದಿತ್ತು, ಪಂಪು ನಿಂತಿತ್ತು, ಗುಳ್ಳೆಗಳು ನಿಂತಿರಲಿಲ್ಲ. ಬುಟ್ಟಿಗಳು ಅಂಗಳಗಳಲ್ಲಿ ಬಿದ್ದಿದ್ದವು.

ಮಾದೇವಿ ಒಳಗೆ ಗೋಡೆಗೊರಗಿ ಕುಳಿತಿದ್ದಳು. ಅತ್ತು ಮುಗಿದವರ ಮುಖ ಅವಳದಾಗಿತ್ತು.

“ನಂಗೆ ಒಂದು ತಿಳೀಬೇಕು,” ಎಂದಳು. “ಗಾಳಿ ಸತ್ತ ದಿನ ಇಲ್ಲಿ ಯಾರೂ ಮೂಡಕ್ಕೆ ತಿರುಗೂದಿಲ್ಲ. ಅವನ ಅಪ್ಪ ತಿರುಗ್ಲಿಲ್ಲ, ಅವ ಯಾವತ್ತೂ ತಿರುಗ್ಲಿಲ್ಲ. ಅವತ್ತು ಎಂತಕ್ಕೆ ಹೋದ?”

“ನಾನು ಹೇಳಿದ್ದಕ್ಕೆ.”

ಮಾದೇವಿ ಆ ಮಾತನ್ನು ನಿರೀಕ್ಷಿಸಿದ್ದಳೆಂಬಂತೆ ತಲೆಯಾಡಿಸಿದಳು. “ನಿಂಗೆ ಗೊತ್ತಿತ್ತಾ, ಆ ಬದಿ ಸರಿ ಅಂತ?”

“ಇಲ್ಲ.”

“ಅವ ಕೇಳಿದ್ನಾ, ಗೊತ್ತದೆಯಾ ಅಂತ?”

“ಕೇಳಿದ.”

ಹೊರಗೆ ಯಾರೋ ಸಾಮಾನು ತುಂಬಿದ ಕೈಗಾಡಿಯನ್ನು ಮರಳಿನಲ್ಲಿ ದೂಡುತ್ತಾ ಹೋದರು.

“ಗೊತ್ತಿಲ್ಲ ಅಂತ ಒಂದ್ ಮಾತು ಹೇಳಿದ್ರೆ ಸಾಕಿತ್ತು,” ಎಂದಳು ಮಾದೇವಿ, ಬೈಗುಳವಿಲ್ಲದ ದನಿಯಲ್ಲಿ. “ತನ್ನ ಬುದ್ಧೀಲೇ ಹೋಗಿ ಬರ್ತಿದ್ದ.”

ಸುಗಂಧಾ ಹೊಸ್ತಿಲಲ್ಲೇ ನಿಂತಿದ್ದಳು. ಒಳಗೆ ಬಾ ಎಂದೂ ಹೊರಗೆ ಹೋಗು ಎಂದೂ ಮಾದೇವಿ ಹೇಳಲಿಲ್ಲ.